ವಿಮಾನದೊಳಗೆ ಆಸನಗಳ ಲೆಕ್ಕಾಚಾರ

ಸಿಂಗಪುರ ಏರ್‌ಲೈನ್ಸ್ ಸಂಸ್ಥೆಯ ಎರಡು ವಿಮಾನಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದ್ದಾರೆ ಎಂದುಕೊಳ್ಳಿ. ಒಂದು ಬೋಯಿಂಗ್ 777-300 ಇಆರ್. ಇದರ ಉದ್ದ ಸುಮಾರು 74 ಮೀಟರ್. ಇನ್ನೊಂದು ಬೋಯಿಂಗ್ 787-10. ಉದ್ದ ಸುಮಾರು 68 ಮೀಟರ್. ಒಡಲೂ ಸ್ವಲ್ಪ ಕಿರಿದು. ಯಾವುದರಲ್ಲಿ ಹೆಚ್ಚು ಜನ ಕೂರಬಹುದು? ದೊಡ್ಡದರಲ್ಲಿ ಎಂದು ನೀವು ಹೇಳಿದರೆ ಅದು ತಪ್ಪು. ದೊಡ್ಡ ವಿಮಾನದಲ್ಲಿ 264 ಆಸನಗಳಿದ್ದರೆ ಚಿಕ್ಕದರಲ್ಲಿ 337 ಆಸನಗಳಿವೆ! ಹೀಗೇಕೆ?

ಮೊದಲು ಒಡಲಿನ ಆಕಾರವನ್ನು ಗಮನಿಸೋಣ. ವಿಮಾನ 11-12 ಕಿಲೋಮೀಟರ್ ಎತ್ತರದಲ್ಲಿ ಹಾರುವಾಗ ಹೊರಗಿನ ಗಾಳಿ ಉಸಿರಾಡಲಾಗದಷ್ಟು ವಿರಳ. ಒಳಗಡೆ ಮಾತ್ರ ಸುಮಾರು 2 ಕಿಲೋಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟು ಒತ್ತಡವನ್ನು ಕಾಯ್ದುಕೊಳ್ಳಲಾಗುತ್ತದೆ. ಈ ವ್ಯತ್ಯಾಸದಿಂದಾಗಿ ಒಡಲಿನ ಪ್ರತಿ ಚದರ ಮೀಟರನ್ನೂ ಒಳಗಿನಿಂದ ಹೊರಕ್ಕೆ ತಳ್ಳುವ ಬಲ ಐದಾರು ಟನ್ ಭಾರಕ್ಕೆ ಸಮ. ಚೌಕಾಕಾರದ ಪೆಟ್ಟಿಗೆಯಾಗಿದ್ದರೆ ಅದರ ಗೋಡೆಗಳು ಉಬ್ಬಿ, ಮೂಲೆಗಳು ಬೇಗ ಬಿರುಕು ಬಿಡುತ್ತಿದ್ದವು. ದುಂಡನೆಯ ಕೊಳವೆಯಲ್ಲಿ ಗೋಡೆಗೆ ಬಾಗುವ ಬಲ ಇಲ್ಲ, ಎಳೆತ ಮಾತ್ರ. ಆದ್ದರಿಂದಲೇ ಪ್ರಯಾಣಿಕ ವಿಮಾನಗಳ ಅಡ್ಡಕೊಯ್ತ ವೃತ್ತವಾಗಿ ಅಥವಾ ಅದಕ್ಕೆ ಹತ್ತಿರದ ಆಕಾರದಲ್ಲಿ ಇರುತ್ತದೆ. ಹೀಗಾಗಿ ಒಳಗಿನ ಅಗಲ ಕಾರ್ಖಾನೆಯಲ್ಲೇ ನಿಗದಿಯಾಗಿಬಿಡುತ್ತದೆ. ವಿಮಾನ ಸಂಸ್ಥೆ ಆಮೇಲೆ ಅದನ್ನು ಬದಲಿಸಲಾರದು.

ಸಂಸ್ಥೆಯ ಅತಿ ಚಿಕ್ಕ ವಿಮಾನವಾದ ಬೋಯಿಂಗ್ 737-8ರ ಒಳ ಅಗಲ ಸುಮಾರು 3.5 ಮೀಟರ್. ಎಕಾನಮಿ ದರ್ಜೆಯಲ್ಲಿ ನಡುವೆ ಒಂದು ದಾರಿ, ಅದರ ಎರಡೂ ಕಡೆ ಮೂರು ಮೂರು ಆಸನಗಳು. ಒಂದೇ ದಾರಿ ಇರುವ ವಿಮಾನದಲ್ಲಿ ಒಂದು ಬದಿಗೆ ಮೂರಕ್ಕಿಂತ ಹೆಚ್ಚು ಆಸನ ಹಾಕುವಂತಿಲ್ಲ ಎಂಬುದು ಅಂತರರಾಷ್ಟ್ರೀಯವಾಗಿ ಪಾಲಿಸುವ ಸುರಕ್ಷತಾ ನಿಯಮ. ಹಾಗಾಗಿ ಸಾಲಿಗೆ ಏಳನೆಯ ಆಸನ ಬೇಕೆಂದರೆ ಎರಡನೆಯ ದಾರಿಯೂ ಬೇಕು. ಒಬ್ಬ ಪ್ರಯಾಣಿಕನಿಗಾಗಿ ಅಷ್ಟು ಜಾಗ ಬಿಡುವುದು ಲಾಭದಾಯಕವಲ್ಲ. ಇಂದು ತಯಾರಾಗುವ ಅಗಲ ಒಡಲಿನ ವಿಮಾನಗಳು ಸಾಲಿಗೆ ಎಂಟು, ಒಂಬತ್ತು, ಹತ್ತಕ್ಕೆ ನೆಗೆದಿರುವುದು ಇದೇ ಕಾರಣಕ್ಕೆ.

ಈಗ 777 ವಿಮಾನದ ಲೆಕ್ಕ ಮಾಡೋಣ. ತರಗತಿಯಲ್ಲಿ ಮಾಡಿಸಲು ಇದು ಒಳ್ಳೆಯ ಉದಾಹರಣೆ. ಒಳ ಅಗಲ 587 ಸೆಂಮೀ. ಎರಡು ದಾರಿಗಳಿಗೆ ತಲಾ 48ರಂತೆ 96 ಸೆಂಮೀ ಕಳೆಯಿರಿ. ಸಾಲಿಗೆ 3-3-3ರಂತೆ ಒಂಬತ್ತು ಆಸನಗಳಾದರೆ ಪ್ರತಿ ಗುಂಪಿಗೆ ನಾಲ್ಕು ಕೈಯಾನಿಕೆಗಳು, ಒಟ್ಟು 12. ತಲಾ 5 ಸೆಂಮೀ ಎಂದರೆ 60 ಸೆಂಮೀ. ಉಳಿದ 431 ಸೆಂಮೀಯನ್ನು ಒಂಬತ್ತು ಜನ ಹಂಚಿಕೊಂಡರೆ ಒಬ್ಬರಿಗೆ ಸುಮಾರು 48 ಸೆಂಮೀ. ಅದೇ 3-4-3 ಜೋಡಣೆಯಾದರೆ ಕೈಯಾನಿಕೆಗಳು 13. ಒಬ್ಬರಿಗೆ ಸಿಗುವುದು 42-43 ಸೆಂಮೀ. ಇದು ಒರಟು ಲೆಕ್ಕವಾದರೂ ವಾಸ್ತವಕ್ಕೆ ಹತ್ತಿರವಾಗಿದೆ. ಜಗತ್ತಿನ ಹಲವು ಸಂಸ್ಥೆಗಳು ಇಂದು 777ರಲ್ಲಿ ಹತ್ತು ಆಸನ ಹಾಕಿವೆ. ಸಿಂಗಪುರದವರು ಒಂಬತ್ತನ್ನೇ ಉಳಿಸಿಕೊಂಡಿದ್ದಾರೆ. ನಮ್ಮ ಸಾರಿಗೆ ಬಸ್ಸಿನಲ್ಲಿ ಮೂರು-ಎರಡರ ಸೀಟಿಗೂ ರಾಜಹಂಸದ ಎರಡು-ಎರಡರ ಸೀಟಿಗೂ ಇರುವ ವ್ಯತ್ಯಾಸ ಬಲ್ಲವರಿಗೆ ಐದು ಸೆಂಟಿಮೀಟರಿನ ಬೆಲೆಯನ್ನು ವಿವರಿಸಬೇಕಾಗಿಲ್ಲ!

ಅಗಲ ಬದಲಾಗದಿದ್ದರೂ ಜೋಡಣೆಯನ್ನು ಬದಲಿಸುವುದು ಸುಲಭ. ವಿಮಾನದ ನೆಲದ ಉದ್ದಕ್ಕೂ ಲೋಹದ ಹಳಿಗಳಿವೆ. ಅವುಗಳಲ್ಲಿ ಅಂಗುಲಕ್ಕೊಂದರಂತೆ ಇರುವ ತೂತುಗಳಿಗೆ ಆಸನದ ಕಾಲುಗಳನ್ನು ಸಿಕ್ಕಿಸಿ ಬಿಗಿಯುತ್ತಾರೆ. ಮುಗ್ಗರಿಸುವಂತಹ ಅಪಘಾತದಲ್ಲಿ ಗುರುತ್ವದ 16 ಪಟ್ಟು ಬಲವನ್ನು ಆಸನ ತಡೆದುಕೊಳ್ಳಬೇಕು. ಅದನ್ನು ಪರೀಕ್ಷಿಸಿಯೇ ಒಪ್ಪಿಗೆ ಕೊಡುವುದು.

ಹಾಗೆಂದು ಬೇಕಾದಷ್ಟು ಆಸನ ತುಂಬುವಂತಿಲ್ಲ. ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ, ಎಲ್ಲರೂ 90 ಸೆಕೆಂಡುಗಳೊಳಗೆ ಹೊರಬರುವಂತಿರಬೇಕು. ಎರಡು ಅಂತಸ್ತಿನ ಏರ್‌ಬಸ್ ಎ380ಗೆ ಈ ಪರೀಕ್ಷೆ ನಡೆದದ್ದು 2006ರ ಮಾರ್ಚ್‌ನಲ್ಲಿ, ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ಕತ್ತಲಲ್ಲಿ, 16 ಬಾಗಿಲುಗಳ ಪೈಕಿ ಎಂಟರ ಮೂಲಕ, ಸಿಬ್ಬಂದಿಯೂ ಸೇರಿ 873 ಮಂದಿ 78 ಸೆಕೆಂಡುಗಳಲ್ಲಿ ಹೊರಬಂದರು. ಅಂತಹ ವಿಮಾನದಲ್ಲಿ ಸಿಂಗಪುರ ಏರ್‌ಲೈನ್ಸ್ 2017ರ ಜೋಡಣೆಯಲ್ಲಿ ಹಾಕಿದ ಆಸನಗಳು ಕೇವಲ 471. ಆರು ಕೋಣೆಗಳು, 78 ಬಿಸಿನೆಸ್, 44 ಪ್ರೀಮಿಯಂ ಎಕಾನಮಿ, 343 ಎಕಾನಮಿ.

ಆರಂಭದ ಒಗಟಿನ ಉತ್ತರ ಈಗ ಹೊಳೆದಿರಬಹುದು. 787-10 ಏಷ್ಯಾದ ಸುತ್ತಮುತ್ತಲ ಊರುಗಳಿಗೆಂದು ಕೊಂಡ ವಿಮಾನ. ಬೆಂಗಳೂರಿನಿಂದ ಸಿಂಗಪುರಕ್ಕೆ ಆಗುವಂತೆ ನಾಲ್ಕೈದು ಗಂಟೆಗಳ ಪ್ರಯಾಣದಲ್ಲಿ ಹೆಚ್ಚಿನವರು ಕುಳಿತೇ ಹೋಗುತ್ತಾರೆ. ಅದರಲ್ಲಿ 301 ಎಕಾನಮಿ, 36 ಬಿಸಿನೆಸ್ ಆಸನಗಳು. ಬೇರೆ ದರ್ಜೆಯೇ ಇಲ್ಲ. 777 ಹಾರುವುದು ಬಹುಮಟ್ಟಿಗೆ ದೂರದ ಊರುಗಳಿಗೆ. ಅದರಲ್ಲಿ 4 ಪ್ರಥಮ ದರ್ಜೆ, 48 ಬಿಸಿನೆಸ್, 28 ಪ್ರೀಮಿಯಂ ಎಕಾನಮಿ ಆಸನಗಳನ್ನು ಹಾಕಿದ ಮೇಲೆ ಎಕಾನಮಿಗೆ ಉಳಿಯುವುದು 184. ಮಲಗುವ ಆಸನಗಳು 1-2-1ರಂತೆ ಸಾಲಿಗೆ ನಾಲ್ಕೇ. ಸಾಲುಗಳ ನಡುವಿನ ಅಂತರವೂ ಹೆಚ್ಚು.

ಆದರೆ ಎಲ್ಲಕ್ಕಿಂತ ಕುತೂಹಲಕರವಾದುದು ಏರ್‌ಬಸ್ ಎ350-900. ಸಂಸ್ಥೆಯ ದೂರಪ್ರಯಾಣದ ಎ350ರಲ್ಲಿ ಇದ್ದುದು 253 ಆಸನಗಳು. ಹೊರಗಿನಿಂದ ಹಾಗೆಯೇ ಕಾಣುವ ಅತಿದೂರದ ಮಾದರಿ, ಅಂದರೆ ‘ಯುಎಲ್‌ಆರ್’, 2018ರಲ್ಲಿ ಸೇರಿದಾಗ ಅದರಲ್ಲಿ ಇದ್ದುದು 161: ಬಿಸಿನೆಸ್ 67, ಪ್ರೀಮಿಯಂ ಎಕಾನಮಿ 94. ಎಕಾನಮಿ ಇಲ್ಲವೇ ಇಲ್ಲ! ಇಲ್ಲಿ ಆಸನಗಳನ್ನು ಕಡಿಮೆ ಮಾಡಿದ್ದು ಸುಖಕ್ಕಾಗಿ ಮಾತ್ರವಲ್ಲ, ಇಂಧನದ ದೆಸೆಯಿಂದ. ಸಿಂಗಪುರದಿಂದ ನ್ಯೂಯಾರ್ಕ್‌ಗೆ 15,300 ಕಿಲೋಮೀಟರಿಗೂ ಹೆಚ್ಚು ದೂರ, ಹದಿನೆಂಟು ಗಂಟೆಗಳ ಆಸುಪಾಸಿನ ಹಾರಾಟ. ಇದಕ್ಕಾಗಿ ಇಂಧನದ ಸಾಮರ್ಥ್ಯವನ್ನು 1,41,000 ಲೀಟರಿನಿಂದ 1,65,000 ಲೀಟರಿಗೆ ಏರಿಸಿದರು. ಲೀಟರಿಗೆ 0.8 ಕಿಲೋಗ್ರಾಂನಂತೆ ಇದು 132 ಟನ್. ಮೇಲೇರುವಾಗ ಈ ವಿಮಾನದ ಒಟ್ಟು ತೂಕ 280 ಟನ್ ಮೀರುವಂತಿಲ್ಲ. ಟ್ಯಾಂಕ್ ತುಂಬಿಸಿದರೆ ತೂಕದ ಹತ್ತಿರಹತ್ತಿರ ಅರ್ಧ ಇಂಧನವೇ ಆಯಿತು! ಸಾಲದೆಂಬಂತೆ, ಕೊನೆಯ ಗಂಟೆಗಳಿಗೆ ಬೇಕಾದ ಇಂಧನವನ್ನು ಅಷ್ಟು ದೂರ ಹೊತ್ತೊಯ್ಯಲೂ ಮೊದಲ ಗಂಟೆಗಳಲ್ಲಿ ಇಂಧನ ಸುಡಬೇಕು. 92 ಪ್ರಯಾಣಿಕರು ಕಡಿಮೆಯಾದರೆ, ಸಾಮಾನೂ ಸೇರಿ ತಲಾ 100 ಕಿಲೋಗ್ರಾಂನಂತೆ, ಸುಮಾರು 9 ಟನ್ ಹಗುರ. ಅದಕ್ಕೇ ಆಸನಗಳ ತ್ಯಾಗ.

ಹಿಂದೆಯೂ ಇದೇ ಸಂಸ್ಥೆ 2004ರಿಂದ ಈ ಹಾದಿಯಲ್ಲಿ ನಾಲ್ಕು ಎಂಜಿನ್‌ಗಳ ಎ340-500 ಹಾರಿಸಿತ್ತು. ಮೊದಲು 181 ಆಸನ. 2008ರಲ್ಲಿ ಅವನ್ನು 100ಕ್ಕಿಳಿಸಿ ಎಲ್ಲವನ್ನೂ ಬಿಸಿನೆಸ್ ದರ್ಜೆ ಮಾಡಿದರು. ಆದರೂ ಇಂಧನದ ಖರ್ಚು ಭಾರವಾಗಿ 2013ರಲ್ಲಿ ಹಾರಾಟ ನಿಂತಿತು. ಎರಡೇ ಎಂಜಿನ್‌ಗಳ ಎ350 ಬಂದ ಮೇಲೆ, 2018ರ ಅಕ್ಟೋಬರ್‌ನಲ್ಲಿ ಅದು ಪುನಃ ಶುರುವಾಯಿತು. ಈ ಏಳು ಯುಎಲ್‌ಆರ್ ವಿಮಾನಗಳ ಒಳಾಂಗಣವನ್ನು ಮತ್ತೆ ಬದಲಿಸುವುದಾಗಿ ಸಂಸ್ಥೆ 2024ರ ನವೆಂಬರ್‌ನಲ್ಲಿ ಪ್ರಕಟಿಸಿತು. ಆ ಯೋಜನೆಯಲ್ಲಿ ಪ್ರಥಮ ದರ್ಜೆಗೆ 4, ಬಿಸಿನೆಸ್‌ಗೆ 70, ಪ್ರೀಮಿಯಂ ಎಕಾನಮಿಗೆ 58; ಒಟ್ಟು 132 ಆಸನಗಳು.