ಟ್ರ್ಯಾಕ್ಟರಿನಲ್ಲೇ ಹವಾ

ನಮ್ಮ ಮನೆಯಲ್ಲಿ ಉರ್ದು, ಅಬ್ಬಾ ಅವರ ಪಂಕ್ಚರ್ ಅಂಗಡಿಯಲ್ಲಿ ಕನ್ನಡ. ಎರಡೂ ಕಡೆ ಬದಲಾಗದ ಮಾತು ಒಂದೇ: ಹವಾ. ಐರಣಿಯಲ್ಲಿ ಯಾರೂ ‘ಗಾಳಿ ತುಂಬಿಸಿ’ ಅನ್ನುವುದಿಲ್ಲ, ‘ಹವಾ ಹೊಡೀರಿ’ ಅನ್ನುತ್ತಾರೆ.

ಕಾಮರ್ಸ್ ಹುಡುಗನಿಗೆ ಈ ವಿಷಯ ಯಾಕೆ ಎಂದು ಸೈನ್ಸ್ ವಿಭಾಗದ ಗೆಳೆಯರು ಕೇಳಬಹುದು. ಕಾರಣ ಹೋದ ವರ್ಷದ ಗೋವಿನಜೋಳ. ಹೊಳೆದಂಡೆಯ ಹೊಲದಲ್ಲಿ ಮಾಮೂ ಅವರ ಟ್ರೇಲರ್ ತುಂಬಿ ನಿಂತಿತ್ತು. ಟಯರಿಗೆ ಜಾಲಿಮುಳ್ಳು ಹೊಕ್ಕಿತ್ತು. ಸ್ಟೆಪ್ನಿಯಲ್ಲೂ ಹವಾ ಇರಲಿಲ್ಲ. ಗಾಲಿ ಬಿಚ್ಚಿ, ಬೈಕಿನ ಹಿಂದೆ ಕಟ್ಟಿಕೊಂಡು ಊರಿಗೆ ತಂದು, ತಿರುಗಿ ಒಯ್ಯುವಷ್ಟರಲ್ಲಿ ಕತ್ತಲಾಯಿತು, ಮಳೆಯೂ ಬಂತು. ತಾಡಪತ್ರಿ ಸಾಲಲಿಲ್ಲ. ತೊಯ್ದ ಕಾಳಿಗೆ ರಾಣೆಬೆನ್ನೂರಿನಲ್ಲಿ ಎಂಥ ದರ ಸಿಗುತ್ತದೆ ಎಂದು ರೈತರ ಮಕ್ಕಳಿಗೆ ನಾನು ಹೇಳಬೇಕಾಗಿಲ್ಲ. ಪಂಕ್ಚರ್ ಅಂಗಡಿಯವರ ಮನೆಯವರಿಗೇ ಹೀಗಾಯಿತಲ್ಲ ಎಂದು ಊರವರು ನಕ್ಕರು. ಆಮೇಲೆ ಮಾಮೂ ಟ್ರ್ಯಾಕ್ಟರಿಗೇ ಕಂಪ್ರೆಸರ್ ಕೂರಿಸಲು ತೀರ್ಮಾನಿಸಿದರು.

ಇದು ಹೊಸ ವಿದ್ಯೆಯಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸಾರಿಗೆ ಬಸ್ಸು ನಿಂತಾಗ ‘ಫುಸ್ಸ್’ ಎನ್ನುತ್ತದಲ್ಲ, ಅದು ಬ್ರೇಕಿನ ಹವಾ. ಅದರ ಎಂಜಿನ್ನೇ ಕಂಪ್ರೆಸರ್ ತಿರುಗಿಸಿ ಟ್ಯಾಂಕು ತುಂಬುತ್ತದೆ. ಟ್ರ್ಯಾಕ್ಟರಿನಲ್ಲೂ ಹಾಗೆಯೇ. ಎಂಜಿನ್ನಿನ ಮುಂದಿನ ಪುಲ್ಲಿಗೆ ಬೆಲ್ಟ್ ಹಾಕಿ ಸಣ್ಣ ಕಂಪ್ರೆಸರ್ ತಿರುಗಿಸುತ್ತಾರೆ. ಅದರಿಂದ ಹೊರಬರುವ ಹವಾ ಕೈ ಸುಡುವಷ್ಟು ಬಿಸಿ ಇರುತ್ತದೆ, ಆದ್ದರಿಂದ ಮೊದಲ ತುಂಡು ಪೈಪು ತಾಮ್ರದ್ದೋ ಉಕ್ಕಿನದೋ ಇರಬೇಕು, ರಬ್ಬರ್ ಬಾಳುವುದಿಲ್ಲ. ಟ್ಯಾಂಕಿನ ಬಾಯಿಗೆ ನಾನ್ ರಿಟರ್ನ್ ವಾಲ್ವ್ ಬೇಕು, ಇಲ್ಲದಿದ್ದರೆ ತುಂಬಿದ ಹವಾ ಕಂಪ್ರೆಸರಿಗೇ ವಾಪಸ್ಸಾಗುತ್ತದೆ. ಜೀಪಿನವರು 12 ವೋಲ್ಟಿನ ಕಂಪ್ರೆಸರನ್ನೂ ಇಡುತ್ತಾರೆ. ಅದು 30 ಆಂಪಿಯರ್ ಎಳೆಯುವಂಥದ್ದಾದರೆ ಹಾರ್ನಿನ ವೈರಿಗೆ ಜೋಡಿಸುವ ಮಾತೇ ಇಲ್ಲ. ಬ್ಯಾಟರಿಯಿಂದ ನೇರ ದಪ್ಪ ವೈರು, ನಡುವೆ ಫ್ಯೂಸ್, ಎಂಜಿನ್ ಚಾಲೂ ಇರಬೇಕು.

ಎಷ್ಟು ದೊಡ್ಡ ಟ್ಯಾಂಕು? ಇಲ್ಲಿ ನನ್ನ ಕಾಮರ್ಸ್ ಉಪಯೋಗಕ್ಕೆ ಬಂತು. ಮಾಮೂಗೆ ಅಗ್ಗದ ಸಣ್ಣ ಕಂಪ್ರೆಸರ್, ದೊಡ್ಡ ಟ್ಯಾಂಕು ಬೇಕಿತ್ತು. ನಾನು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದು ತೋರಿಸಿದೆ. 30 ಲೀಟರ್ ಟ್ಯಾಂಕಿಗೆ 8 ಕಿಲೋ ಒತ್ತಡದ ಹವಾ ತುಂಬಲು ಹೊರಗಿನ ಗಾಳಿ 240 ಲೀಟರ್ ಬೇಕು. ಟ್ರೇಲರ್ ಟಯರಿನ ಒಳಗೆ 90 ಲೀಟರ್ ಜಾಗ ಇದೆ ಎಂದಿಟ್ಟುಕೊಳ್ಳೋಣ. ಎರಡನ್ನೂ ಜೋಡಿಸಿದರೆ ಆ 240 ಲೀಟರ್ ಹವಾ 120 ಲೀಟರ್ ಜಾಗಕ್ಕೆ ಹಂಚಿಹೋಗಿ 2 ಕಿಲೋಗೆ ನಿಲ್ಲುತ್ತದೆ. ನಮಗೆ ಬೇಕಾದದ್ದು 4. ಉಳಿದದ್ದನ್ನು ಕಂಪ್ರೆಸರೇ ದುಡಿದು ಕೊಡಬೇಕು. ನಿಮಿಷಕ್ಕೆ 80 ಲೀಟರ್ ಕೊಡುವ ಯಂತ್ರಕ್ಕೆ ಇನ್ನೂ ಮೂರು ನಿಮಿಷ, ಒತ್ತಡ ಏರಿದಂತೆ ಸ್ವಲ್ಪ ಜಾಸ್ತಿ. ಟ್ಯಾಂಕು ಅಂದರೆ ಉಳಿತಾಯ ಖಾತೆ, ಕಂಪ್ರೆಸರ್ ಅಂದರೆ ದುಡಿಮೆ. ದುಡಿಮೆ ಇಲ್ಲದವನಿಗೆ ಪಾಸ್‌ಬುಕ್ ಎಷ್ಟು ದೊಡ್ಡದಿದ್ದರೇನು? ಮಾಮೂ ಒಪ್ಪಿದರು.

ಹಳೆಯ ಅಡುಗೆ ಗ್ಯಾಸ್ ಸಿಲಿಂಡರನ್ನೇ ಟ್ಯಾಂಕು ಮಾಡಿಬಿಡೋಣ ಎಂದು ಒಬ್ಬರು ಸಲಹೆ ಕೊಟ್ಟಿದ್ದರು. ಅಬ್ಬಾ ಒಂದೇ ಮಾತಿನಲ್ಲಿ ಬೇಡ ಎಂದರು. ಒಳಗೆ ಉಳಿದ ಗ್ಯಾಸು ವೆಲ್ಡಿಂಗ್ ಕಿಡಿಗೆ ಹೊತ್ತಿಕೊಂಡರೆ ಮುಗಿಯಿತು. ಅದೂ ಅಲ್ಲದೆ ಆ ಸಿಲಿಂಡರ್ ನಮ್ಮದಲ್ಲ, ಕಂಪನಿಯದು.

ಹೊರಗಿನ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಮುಗಿಯಿತು. ಹದಿನೈದು ದಿನ ಎಲ್ಲವೂ ಚೆನ್ನಾಗಿತ್ತು. ಹೊಲದ ಕೆಸರಿಗೆ ಹಿಂದಿನ ಟಯರಿನ ಹವಾ ಇಳಿಸಿದರೆ ಟಯರು ಅಗಲವಾಗಿ ನೆಲ ಹಿಡಿಯುತ್ತದೆ. ರಸ್ತೆಗೆ ಬಂದು ಟ್ರೇಲರ್ ಎಳೆಯುವ ಮುಂಚೆ ಮತ್ತೆ ಏರಿಸಬೇಕು. ಎಷ್ಟೆಂಬುದು ಟ್ರ್ಯಾಕ್ಟರಿನ ಜೊತೆ ಕೊಟ್ಟ ಪುಸ್ತಕದಲ್ಲಿರುತ್ತದೆ. ಮೊದಲು ಇದಕ್ಕೆ ಬೇಸರಪಟ್ಟು ಯಾರೂ ಇಳಿಸುತ್ತಲೇ ಇರಲಿಲ್ಲ, ಈಗ ಕೂತಲ್ಲೇ ಆಗುತ್ತಿತ್ತು.

ಆಮೇಲೆ ಸೇಫ್ಟಿ ವಾಲ್ವ್ ಸುಯ್ಯೆನ್ನಲು ಶುರುವಾಯಿತು. ತೋರಿಸಿದಾಗ ವರ್ಕ್‌ಶಾಪಿನ ಹುಡುಗ ‘ವಾಲ್ವ್ ಸೋರಾಕತ್ತೈತಿ’ ಎಂದು ಅದನ್ನು ಬಿಚ್ಚಿ, ಆ ತೂತಿಗೆ ಬೋಲ್ಟ್ ಜಡಿದು ಕಳಿಸಿದ. ಸಪ್ಪಳ ನಿಂತಿತು, ಎಲ್ಲರಿಗೂ ಖುಷಿ. ಮರುದಿನ ಟ್ರ್ಯಾಕ್ಟರ್ ಅಂಗಡಿಯ ಮುಂದೆ ನಿಂತಾಗ ಅಬ್ಬಾ ಗೇಜು ನೋಡಿದರು. ಮುಳ್ಳು 8 ದಾಟಿ, 10 ದಾಟಿ ಹೋಗುತ್ತಿತ್ತು. ಟ್ಯಾಂಕಿನ ಪಕ್ಕದಲ್ಲೇ ನನ್ನ ಮಾಮೂ ಮಗ ಕೂತು ಬಿಸ್ಕೀಟು ತಿನ್ನುತ್ತಿದ್ದ. ಅಬ್ಬಾ ಕೂಗಲಿಲ್ಲ. ಅವನನ್ನು ಎತ್ತಿ ನನ್ನ ಕೈಗೆ ಕೊಟ್ಟು ‘ಒಳಗೆ ಹೋಗು’ ಎಂದರು. ಎಂಜಿನ್ ಬಂದ್ ಮಾಡಿ, ಉದ್ದ ಪೈಪು ಹಿಡಿದು ಗೋಡೆಯ ಮರೆಗೆ ನಿಂತು, ಅದರ ತುದಿಯ ಗನ್ ಒತ್ತಿ ಹವಾ ಖಾಲಿ ಮಾಡಿದರು. ಬಹಳ ಹೊತ್ತು ಹಿಡಿಯಿತು.

ತಪ್ಪು ಸೇಫ್ಟಿ ವಾಲ್ವಿನದಾಗಿರಲಿಲ್ಲ. 8 ಕಿಲೋ ಆದಕೂಡಲೇ ಕಂಪ್ರೆಸರಿನ ಹವಾ ಹೊರಗೆ ಬಿಡಬೇಕಾದ ಅನ್‌ಲೋಡರ್ ವಾಲ್ವು ಎಣ್ಣೆಯ ಕಿಟ್ಟದಿಂದ ಅಂಟಿಕೊಂಡಿತ್ತು. ಸೇಫ್ಟಿ ವಾಲ್ವು ತನ್ನ ಕೆಲಸ ಮಾಡುತ್ತಿತ್ತು, ನಾವು ಅದರ ಬಾಯಿ ಮುಚ್ಚಿದ್ದೆವು. ಆ ರಾತ್ರಿ ನಾನು ಇನ್ನೊಂದು ಲೆಕ್ಕ ಮಾಡಿದೆ. ಟ್ಯಾಂಕಿನ ತಲೆಯ ಅಡ್ಡಳತೆ 25 ಸೆಂ.ಮೀ. ಎಂದರೆ ಸುಮಾರು 490 ಚದರ ಸೆಂ.ಮೀ. ಪ್ರತಿ ಚದರ ಸೆಂ.ಮೀ.ಗೆ 8 ಕಿಲೋ. ಎಲ್ಲವೂ ಸರಿಯಿರುವಾಗಲೇ ಆ ತಗಡಿನ ಮೇಲೆ ಸುಮಾರು ನಾಲ್ಕು ಟನ್ ಭಾರ! ಲೆಕ್ಕವನ್ನು ಅಬ್ಬಾಗೆ ತೋರಿಸಿದೆ. ಅವರು ನೋಡಿ ಏನೂ ಹೇಳಲಿಲ್ಲ.

ತಗಡನ್ನು ತಿನ್ನುವ ಶತ್ರು ಇನ್ನೊಂದಿದೆ, ನೀರು. ಗಾಳಿಯಲ್ಲಿನ ತೇವ ಟ್ಯಾಂಕಿನ ತಳದಲ್ಲಿ ನೀರಾಗಿ ನಿಂತು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಹೊರಗೆ ಬಣ್ಣ ಫಳಫಳ, ಒಳಗೆ ತಗಡು ತೆಳು. ನಮ್ಮ ಅಕೌಂಟೆನ್ಸಿಯ ಸವಕಳಿಯನ್ನಾದರೂ ಪುಸ್ತಕದಲ್ಲಿ ಬರೆಯುತ್ತೇವೆ, ಇದು ಕಾಣುವುದೇ ಇಲ್ಲ. ಅದಕ್ಕೆ ತಳದಲ್ಲಿ ಡ್ರೇನ್ ಕಾಕ್ ಇರಬೇಕು, ದಿನಾ ಸಂಜೆ ತಿರುವಬೇಕು. ಮಳೆಗಾಲದಲ್ಲಿ ಅದರಿಂದ ಕಂದು ನೀರು ಬರುವುದನ್ನು ಕಣ್ಣಾರೆ ನೋಡಿದ್ದೇನೆ. ಟ್ಯಾಂಕಿಗೆ ಕ್ಲಾಂಪು ವೆಲ್ಡ್ ಮಾಡಬಾರದು, ಪಟ್ಟಿ ಹಾಕಿ ಬಿಗಿಯಬೇಕು.

ಈಗ ಹೊಸ ಸೇಫ್ಟಿ ವಾಲ್ವ್ ಇದೆ. ಅದರ ರಿಂಗು ಎಳೆದು ಹವಾ ಬಿಡುತ್ತದೆಯೇ ಎಂದು ಪ್ರತಿ ಶುಕ್ರವಾರ ನಮಾಜಿನ ನಂತರ ನಾನೇ ನೋಡುತ್ತೇನೆ. ಬೆಲ್ಟಿಗೆ ಮಾತ್ರ ಇನ್ನೂ ಜಾಳಿಗೆ ಹಾಕಿಸಿಲ್ಲ. ಮುಮಾನಿ ಹೊಲಕ್ಕೆ ಬುತ್ತಿ ತಂದಾಗ ಅವರ ಓಢಣಿ ಅದರ ಹತ್ತಿರ ಹಾರುವುದನ್ನು ನೋಡಿ ಮಾಮೂಗೆ ಎರಡು ಸಲ ಹೇಳಿದ್ದೇನೆ. ಬರುವ ರವಿವಾರ ಹಾಕಿಸುತ್ತಾರಂತೆ.