ಇನ್ನೊಬ್ಬ ತಿಲಕರು ಮತ್ತು ಅವರ ಲಕ್ಷ್ಮೀಬಾಯಿ

ಪುಣೆಯ ಕನ್ನಡಿಗರಲ್ಲಿ ಶಿರಡಿಗೆ ಒಮ್ಮೆಯೂ ಹೋಗದವರು ಕಡಿಮೆ. ನಗರ್ ರಸ್ತೆ ಹಿಡಿದು ಅಹಮದ್‌ನಗರ (ಈಗ ಅದು ಅಹಿಲ್ಯಾನಗರ) ದಾಟಿದರೆ ಮುಂದೆ ಸಿಗುವ ಊರು ರಾಹುರಿ. ಕಬ್ಬು, ಸಕ್ಕರೆ ಕಾರ್ಖಾನೆ, ಕೃಷಿ ವಿಶ್ವವಿದ್ಯಾಲಯದ ಊರು. ಬಸ್ಸು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ನಾವೂ ಇಳಿಯುವುದಿಲ್ಲ. ನೂರಿಪ್ಪತ್ತೈದು ವರ್ಷಗಳ ಹಿಂದೆ ಈ ಊರಿನಲ್ಲಿ ಒಬ್ಬ ಕ್ರೈಸ್ತ ಉಪದೇಶಕರೂ ಅವರ ಹೆಂಡತಿಯೂ ಸಂಸಾರ ಹೂಡಿದ್ದರು. ನಾರಾಯಣ ವಾಮನ ತಿಲಕ್ ಮತ್ತು ಲಕ್ಷ್ಮೀಬಾಯಿ ತಿಲಕ್. ತಿಲಕ್ ಎಂದೊಡನೆ ನಮಗೆ ನೆನಪಾಗುವುದು ಲೋಕಮಾನ್ಯರು. ಇವರು ಬೇರೆ. ಆದರೆ ಅದೇ ರತ್ನಾಗಿರಿ ಜಿಲ್ಲೆ, ಅದೇ ಚಿತ್ಪಾವನ ಬ್ರಾಹ್ಮಣ ಮನೆತನ. ಮರಾಠಿ ಮನೆಗಳಲ್ಲಿ ಇವರನ್ನು ಹೂವು ಮತ್ತು ಮಕ್ಕಳ ಕವಿ ಎಂದು ಕರೆಯುತ್ತಾರೆ.

ನಾನು ಮರಾಠಿ ಕಲಿತದ್ದು ಮೊದಲು ತರಕಾರಿಯವಳ ಹತ್ತಿರ, ಆಮೇಲೆ ಬಸ್ಸಿನ ಬೋರ್ಡುಗಳಲ್ಲಿ. ಪುಸ್ತಕ ಓದುವ ಧೈರ್ಯ ಬಂದಾಗ ಆಫೀಸಿನ ಮರಾಠಿ ಗೆಳೆಯರನ್ನು ಯಾವುದರಿಂದ ಶುರು ಮಾಡಲಿ ಎಂದು ಕೇಳಿದೆ. ಇಬ್ಬರು ಮೂವರು ಒಂದೇ ಹೆಸರು ಹೇಳಿದರು: ಲಕ್ಷ್ಮೀಬಾಯಿಯವರ ಆತ್ಮಕಥೆ ‘ಸ್ಮೃತಿಚಿತ್ರೆ’. ಸುಲಭವಾಗಿದೆ, ನಗಿಸುತ್ತದೆ, ಆಮೇಲೆ ಅಳಿಸುತ್ತದೆ ಎಂದರು. ಸುಲಭವಾಗಿರುವುದಕ್ಕೆ ಕಾರಣವೂ ಇದೆ. ಲಕ್ಷ್ಮೀಬಾಯಿ ಶಾಲೆಗೆ ಹೋದವರಲ್ಲ. ಮದುವೆಯಾದ ಮೇಲೆ ಗಂಡ ಕಲಿಸಿದ ಅಕ್ಷರವೇ ಅವರ ವಿದ್ಯೆ, ಒತ್ತಕ್ಷರಗಳೆಂದರೆ ಕೊನೆಯವರೆಗೂ ಕಷ್ಟ. ಹಾಗಾಗಿ ಅಡುಗೆಮನೆಯಲ್ಲಿ ಮಾತಾಡಿದ ಹಾಗೆಯೇ ಬರೆದರು. ನಮ್ಮಂಥ ಹೊರಗಿನವರಿಗೂ ಅದು ಕಿವಿಗೆ ಬಿದ್ದಷ್ಟೇ ಸಲೀಸಾಗಿ ಅರ್ಥವಾಗುತ್ತದೆ.

ಉಪ್ಪನ್ನೂ ತೊಳೆಯುವ ಮನೆ

ಲಕ್ಷ್ಮೀಬಾಯಿ ಹುಟ್ಟಿದ್ದು 1868ರಲ್ಲಿ, ನಾಸಿಕದ ಬಳಿಯ ಜಲಾಲಪುರದಲ್ಲಿ. ತವರಿನ ಹೆಸರು ಮನು, ಗೋಖಲೆಯವರ ಮಗಳು. ಆ ಮನೆಯ ಮೇಲೆ 1857ರ ನೆರಳು ಬಿದ್ದಿತ್ತು. ದಂಗೆಯ ಕಾಲದಲ್ಲಿ ಹತ್ತಿರದ ಹಿರಿಯರೊಬ್ಬರನ್ನು ಇಂಗ್ಲಿಷರು ಗಲ್ಲಿಗೇರಿಸಿದರು. ಆ ಆಘಾತದ ನಂತರ ಆಕೆಯ ತಂದೆಗೆ ಮಡಿಯ ಹುಚ್ಚು ಹಿಡಿಯಿತು. ನಮ್ಮ ಅಜ್ಜಿಯಂದಿರ ಮಡಿ ನಾವೂ ಕಂಡದ್ದೇ. ಆದರೆ ಇದು ಅದಲ್ಲ. ಅಂಗಡಿಯಿಂದ ಬಂದ ಸಾಮಾನು ಯಾವುದಾದರೂ ನೀರಿನಲ್ಲಿ ತೊಳೆದೇ ಒಳಗೆ ಬರಬೇಕು, ಉಪ್ಪು ಕೂಡ. ತೊಳೆದ ಉಪ್ಪಿನಲ್ಲಿ ಎಷ್ಟು ಉಳಿದೀತು? ಹೆಂಡತಿ ಮಕ್ಕಳ ಬಾಲ್ಯ, ಯೌವನ ಎಲ್ಲ ಆ ನೀರಿನಲ್ಲೇ ಕರಗಿತು. ಲಕ್ಷ್ಮೀಬಾಯಿ ಇದನ್ನು ನಗುನಗುತ್ತ ಬರೆಯುತ್ತಾರೆ. ಓದುವವರಿಗೆ ಮಾತ್ರ ನಗು ಅರ್ಧಕ್ಕೇ ನಿಲ್ಲುತ್ತದೆ.

1880ರಲ್ಲಿ, ಹನ್ನೊಂದರ ಆಸುಪಾಸಿನಲ್ಲಿ ಮದುವೆಯಾಯಿತು. ವರ ನಾರಾಯಣ ತಿಲಕ್, ಹುಟ್ಟಿದ್ದು 1861ರಲ್ಲಿ. ಸಂಸ್ಕೃತ ಬಲ್ಲವರು, ಆಶುಕವಿ, ಒಳ್ಳೆಯ ಮಾತುಗಾರ. ಆದರೆ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಮನೆಯಲ್ಲಿ ಮಾತಿಗೆ ಮಾತು ಬೆಳೆದರೆ ಎದ್ದು ಹೊರಟರು, ಇವತ್ತು ಈ ಊರು, ನಾಳೆ ಇನ್ನೊಂದು. ಕೈಗೆ ಬಂದ ದುಡ್ಡು ಎದುರಿಗೆ ಬಂದವರ ಪಾಲು. ಹೆಂಡತಿಯ ಮೇಲೆ ಪ್ರೀತಿ ಅಪಾರ, ಸಿಟ್ಟೂ ಅಷ್ಟೇ. ಇಂಥವರ ಜೊತೆ ಬಾಳುವೆ ಮಾಡಿದವರು ನಮ್ಮ ಬಂಧುಬಳಗದಲ್ಲೂ ಇದ್ದಾರಲ್ಲ!

ರೈಲಿನಲ್ಲಿ ಸಿಕ್ಕ ಪುಸ್ತಕ

1893ರಲ್ಲಿ ತಿಲಕರು ನಾಗಪುರದಿಂದ ರಾಜನಾಂದಗಾಂವ್‌ಗೆ ರೈಲಿನಲ್ಲಿ ಹೊರಟಿದ್ದರು. ಅದೇ ಡಬ್ಬಿಯಲ್ಲಿದ್ದ ಒಬ್ಬ ಯುರೋಪಿಯನ್ ಇವರೊಡನೆ ಕಾವ್ಯದ ಮಾತಾಡುತ್ತ ಸ್ನೇಹ ಬೆಳೆಸಿದ. ಇಳಿಯುವ ಮುನ್ನ ಹೊಸ ಒಡಂಬಡಿಕೆಯ ಒಂದು ಪ್ರತಿ ಕೊಟ್ಟು, ಎರಡು ವರ್ಷದೊಳಗೆ ನೀನು ಕ್ರೈಸ್ತನಾಗುತ್ತೀಯ ಎಂದ. ಆತ ಯಾರೆಂದು ತಿಲಕರಿಗೆ ಕೊನೆಗೂ ಗೊತ್ತಾಗಲಿಲ್ಲ. ಪುಸ್ತಕವನ್ನು ತಿಲಕರು ಮೊದಲು ಕುತೂಹಲಕ್ಕೆ ಓದಿದರು. ಬೆಟ್ಟದ ಮೇಲಿನ ಪ್ರಸಂಗಕ್ಕೆ ಬಂದಾಗ ಪುಸ್ತಕ ಕೆಳಗಿಡಲಾಗಲಿಲ್ಲ. 1895ರ ಫೆಬ್ರುವರಿ 10ರಂದು ಮುಂಬೈಯಲ್ಲಿ ದೀಕ್ಷಾಸ್ನಾನ ಪಡೆದರು. ಹೆಂಡತಿಗೆ ಮೊದಲೇ ಹೇಳಿರಲಿಲ್ಲ.

ಆ ಕಾಲದಲ್ಲಿ ಇದರ ಅರ್ಥವೇನು? ಬ್ರಾಹ್ಮಣ ಮನೆಯ ಗಂಡಸು ಕ್ರೈಸ್ತನಾದರೆ ಅವನು ಮನೆಗೆ ಸತ್ತಂತೆ. ಹೆಂಡತಿ ಮಾತ್ರ ಅತ್ತ ವಿಧವೆಯೂ ಅಲ್ಲ, ಇತ್ತ ಮುತ್ತೈದೆಯೂ ಅಲ್ಲ. ಲಕ್ಷ್ಮೀಬಾಯಿಯ ಮಡಿಲಲ್ಲಿ ಪುಟ್ಟ ಮಗ ದತ್ತು ಇದ್ದ. ಸುದ್ದಿ ಕೇಳಿ ಆಕೆ ಕುಸಿದು ಹೋದರು. ಆಮೇಲೆ ಬಂಧುಗಳ ಆಸರೆಯಲ್ಲಿ ಮಗನೊಂದಿಗೆ ಪಂಢರಪುರ ಸೇರಿದರು. ನಮ್ಮ ದಾಸರು ಹಾಡಿದ ವಿಠಲನ ಊರು ಅದು, ಇವತ್ತಿಗೂ ಆಷಾಢದಲ್ಲಿ ಕನ್ನಡ ನಾಡಿನಿಂದ ದಿಂಡಿಗಳು ಹೋಗುವ ಊರು. ಆ ಊರಿನಲ್ಲಿ, ಗಂಡ ಬಿಟ್ಟುಹೋದ ದೇವರುಗಳ ಎದುರಿನಲ್ಲೇ, ಆಕೆ ವರ್ಷಗಳನ್ನು ಕಳೆದರು.

ಇಲ್ಲಿ ಕಾನೂನಿನ ಒಂದು ಸಂಗತಿ ತಿಳಿದಿರಬೇಕು. 1866ರ ಕಾಯಿದೆಯೊಂದರ ಪ್ರಕಾರ, ಕ್ರೈಸ್ತನಾದವನ ಜೊತೆ ಬಾಳಲು ಹೆಂಡತಿ ಒಪ್ಪದಿದ್ದರೆ ಆತ ಕೋರ್ಟಿಗೆ ಹೋಗಬಹುದಿತ್ತು. ಆಕೆಗೆ ಯೋಚಿಸಲು ಕಾಲಾವಕಾಶ ಕೊಟ್ಟು, ಆಮೇಲೂ ಒಪ್ಪದಿದ್ದರೆ ಮದುವೆ ರದ್ದಾಗುತ್ತಿತ್ತು, ಅವನು ಮತ್ತೆ ಮದುವೆಯಾಗಬಹುದಿತ್ತು. ತಿಲಕರು ಆ ದಾರಿ ಹಿಡಿಯಲಿಲ್ಲ. ಪತ್ರ ಬರೆಯುತ್ತ ಕಾದರು. ಹೇಳದೆ ಕೇಳದೆ ಹೆಂಡತಿಯ ಬದುಕನ್ನು ತಲೆಕೆಳಗು ಮಾಡಿದ ಮನುಷ್ಯನೇ ಆಕೆಗಾಗಿ ಇಷ್ಟು ವರ್ಷ ಕಾದ. ಎರಡೂ ನಿಜ. ಲಕ್ಷ್ಮೀಬಾಯಿ ತಮ್ಮ ಪುಸ್ತಕದಲ್ಲಿ ಎರಡನ್ನೂ ಮುಚ್ಚಿಡುವುದಿಲ್ಲ.

ಒಂದು ಸಂಸಾರ, ಎರಡು ಒಲೆ

ಸುಮಾರು ನಾಲ್ಕೈದು ವರ್ಷಗಳ ನಂತರ ಆಕೆ ಗಂಡನ ಬಳಿಗೆ ಬಂದರು. ಬಂದದ್ದು ಗಂಡನಿಗಾಗಿ, ಅವನ ದೇವರಿಗಾಗಿ ಅಲ್ಲ. ಧರ್ಮ ಬಿಡುವುದಿಲ್ಲ, ಮಡಿ ಬಿಡುವುದಿಲ್ಲ. ಅಡುಗೆ ಬೇರೆ, ನೀರು ಬೇರೆ. ಸುತ್ತ ಇದ್ದವರು ಬಹುಪಾಲು ಮಹಾರ್ ಮತ್ತು ಮಾಂಗ್ ಸಮುದಾಯಗಳಿಂದ ಬಂದ ಕ್ರೈಸ್ತರು. ಅಮೆರಿಕನ್ ಮರಾಠಿ ಮಿಷನ್ ಅಹಮದ್‌ನಗರದಲ್ಲಿ 1831ರಿಂದ ಕೆಲಸ ಮಾಡುತ್ತಿತ್ತು, ಸುತ್ತಲಿನ ಹಳ್ಳಿಗಳಲ್ಲಿ ಅದರ ಶಾಲೆ, ಸಭೆಗಳಿದ್ದವು. ಅವರ ನಡುವೆ ಗಂಡ ಭಜನೆ, ಕೀರ್ತನೆ ಮಾಡಿಕೊಂಡು ಹಳ್ಳಿ ಸುತ್ತುವುದು, ಹೆಂಡತಿ ಅವರ ನೆರಳು ಬಿದ್ದರೂ ಸ್ನಾನ ಮಾಡುವುದು. ಒಂದೇ ಮನೆಯಲ್ಲಿ ಇದು ಎಷ್ಟು ದಿನ ನಡೆದೀತು?

ತಿಲಕರು ಒತ್ತಾಯ ಮಾಡಲಿಲ್ಲ. ತಿರುವು ಬಂದದ್ದು ಲಕ್ಷ್ಮೀಬಾಯಿಯ ಒಳಗಿನಿಂದಲೇ. ಈ ಜಾತಿಗಳನ್ನು ಮಾಡಿದ್ದು ದೇವರೋ ಮನುಷ್ಯರೋ ಎಂಬ ಪ್ರಶ್ನೆ ಒಂದು ದಿನ ಹುಟ್ಟಿತು. ದೇವರೇ ಮಾಡಿದ್ದರೆ ಪ್ರಾಣಿಗಳಲ್ಲಿ ಇರುವಂತೆ ಮೈಯಲ್ಲೇ ವ್ಯತ್ಯಾಸ ಇಟ್ಟಿರುತ್ತಿದ್ದನಲ್ಲವೇ? ಹುಟ್ಟುವುದು ಒಂದೇ ಥರ, ಸಾಯುವುದು ಒಂದೇ ಥರ. ಹಾಗಾದರೆ ಇದು ಮನುಷ್ಯರದೇ ಕೆಲಸ. ಆಮೇಲೆ ಯಾರ ಕೈಯ ನೀರಾದರೂ ಕುಡಿಯುತ್ತೇನೆ ಎಂದು ನಿಶ್ಚಯಿಸಿದರು. ಉಪ್ಪನ್ನು ತೊಳೆಯುತ್ತಿದ್ದ ಮನೆಯ ಮಗಳು ಇಷ್ಟು ದೂರ ನಡೆದು ಬಂದಿದ್ದಳು. ಕ್ರಿಸ್ತನ ವಿಚಾರ ಬಂದದ್ದು ಇದಾದ ಮೇಲೆ. ಮೊದಲು ಬಿಟ್ಟದ್ದು ಜಾತಿಯನ್ನು. 1900ರಲ್ಲಿ ರಾಹುರಿಯಲ್ಲಿ ತಾಯಿ ಮಗ ಇಬ್ಬರೂ ದೀಕ್ಷಾಸ್ನಾನ ಪಡೆದರು.

ಬಾಗಿಲು ಹಾಕದ ಮನೆ

ಹಳ್ಳಿಯ ಉಪದೇಶಕನ ಕೆಲಸ ಎಂದರೆ ಭಾನುವಾರದ ಪ್ರಸಂಗ ಮಾತ್ರ ಎಂದು ನಾವು ಪಟ್ಟಣದವರು ತಿಳಿದಿರುತ್ತೇವೆ. ಅದು ಅವನ ಕೆಲಸದ ಅತಿ ಸಣ್ಣ ಭಾಗ. ಪತ್ರ ಓದಿ ಹೇಳುವುದು, ಅರ್ಜಿ ಬರೆದುಕೊಡುವುದು, ಜಗಳ ಬಿಡಿಸುವುದು, ಕಾಯಿಲೆಯವರ ಪಕ್ಕ ಕೂರುವುದು, ಸತ್ತವರನ್ನು ಮಣ್ಣು ಮಾಡುವುದು. ಅವನ ಹೆಂಡತಿಗೆ ಸಂಬಳವಿಲ್ಲದ ಅಷ್ಟೇ ಕೆಲಸ. ಅದು 1899–1900ರ ಭೀಕರ ಬರದ ಕಾಲ, ಅದರ ಹಿಂದೆ ಮುಂದೆ ಪ್ಲೇಗು. ಅನಾಥ ಮಕ್ಕಳು ದಾರಿಯಲ್ಲಿ ಸಿಗುತ್ತಿದ್ದರು. ತಿಲಕರು ಕರೆದುಕೊಂಡು ಬರುವುದು, ಲಕ್ಷ್ಮೀಬಾಯಿ ಉಣ್ಣಿಸುವುದು. ತಾರಾ ಎಂಬ ಹುಡುಗಿಯನ್ನು ಮಗಳೆಂದೇ ಸಾಕಿಕೊಂಡರು. ಅಹಮದ್‌ನಗರದಲ್ಲಿ ಪ್ಲೇಗು ಬಂದಾಗ, ಹತ್ತಿರದವರೇ ದೂರ ಓಡುತ್ತಿದ್ದ ಸಮಯದಲ್ಲಿ, ಮಿಷನ್ ಶಾಲೆಯ ಕಾಯಿಲೆ ಬಿದ್ದ ಹುಡುಗಿಯರ ಶುಶ್ರೂಷೆಗೆ ಈಕೆ ನಿಂತರು. ಮನೆಯಲ್ಲಿ ಅಕ್ಕಿ ಎಷ್ಟಿದೆ ಎಂದು ಗಂಡ ಎಂದೂ ಕೇಳಲಿಲ್ಲ, ಹೆಂಡತಿ ಕೇಳದೆ ಇರಲಿಲ್ಲ. ದಾನ ಮಾಡಿದ ಹೆಸರು ಒಬ್ಬರಿಗೆ, ಅದನ್ನು ಸರಿದೂಗಿಸಿದ ಕಷ್ಟ ಇನ್ನೊಬ್ಬರಿಗೆ. ಈ ಮಾತನ್ನು ಆಕೆ ದೂರಿನಂತೆ ಬರೆಯುವುದಿಲ್ಲ. ಓದುತ್ತಾ ಹೋದರೆ ನಮಗೇ ಲೆಕ್ಕ ಸಿಗುತ್ತದೆ.

1904ರಲ್ಲಿ ತಿಲಕರಿಗೆ ಪಾದ್ರಿ ದೀಕ್ಷೆಯಾಯಿತು. ಅಹಮದ್‌ನಗರದ ದೇವಜ್ಞಾನ ಶಾಲೆಯಲ್ಲಿ ಪಾಠ ಹೇಳಿದರು, 1912ರಿಂದ ‘ಜ್ಞಾನೋದಯ’ ಪತ್ರಿಕೆಯ ಮರಾಠಿ ವಿಭಾಗ ನೋಡಿಕೊಂಡರು. ಆದರೆ ಅವರ ದೊಡ್ಡ ಕೆಲಸ ಹಾಡು. ಇಂಗ್ಲಿಷ್ ಮಟ್ಟಿನ, ಅನುವಾದದ ಗೀತೆಗಳನ್ನು ಹಳ್ಳಿಯ ಜನ ಹಾಡಲು ತಿಣುಕುತ್ತಿದ್ದರು. ತಿಲಕರು ಅಭಂಗ ಬರೆದರು, ಓವಿ ಬರೆದರು. ತಾಳ, ಏಕತಾರಿ ಹಿಡಿದು ಕ್ರಿಸ್ತನ ಕೀರ್ತನೆ ಮಾಡಿದರು. ತುಕಾರಾಮನೆಂಬ ಸೇತುವೆಯ ಮೇಲೆ ನಡೆದೇ ತಾನು ಕ್ರಿಸ್ತನ ಪಾದ ಸೇರಿದೆ ಎಂಬುದು ಅವರ ಮಾತಿನ ಸಾರ. ನಮ್ಮ ಕಡೆ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ 1850ರ ಹೊತ್ತಿಗೇ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದ್ದು ನೆನಪಾಗುತ್ತದೆ. ವ್ಯತ್ಯಾಸವೆಂದರೆ ಮೋಗ್ಲಿಂಗ್ ಹೊರಗಿನಿಂದ ಬಂದು ಆ ಪದಗಳನ್ನು ಸಂಗ್ರಹಿಸಿದ ವಿದ್ವಾಂಸ. ತಿಲಕರು ಆ ಪರಂಪರೆಯಲ್ಲೇ ಹುಟ್ಟಿ, ಅದನ್ನು ಜೊತೆಗೇ ಒಯ್ದವರು.

1907ರಲ್ಲಿ ಜಳಗಾಂವ್‌ನ ಕವಿ ಸಮ್ಮೇಳನದಲ್ಲಿ ಹದಿನೇಳರ ಹುಡುಗನೊಬ್ಬ ಕವಿತೆ ಓದಿ ಎಲ್ಲರನ್ನೂ ಬೆರಗುಗೊಳಿಸಿದ. ಆತನೇ ಮುಂದೆ ಬಾಲಕವಿ ಎಂದು ಹೆಸರಾದ ತ್ರ್ಯಂಬಕ ಬಾಪೂಜಿ ಠೋಂಬರೆ. ತಿಲಕರು ಅವನನ್ನು ತಮ್ಮ ಮನೆಗೆ ಕರೆತಂದರು. ಕ್ರೈಸ್ತ ಪಾದ್ರಿಯ ಮನೆಯಲ್ಲಿ ಬ್ರಾಹ್ಮಣ ಹುಡುಗ ಮಗನಂತೆ ಬೆಳೆದ. ಅವನನ್ನು ಕ್ರೈಸ್ತನನ್ನಾಗಿ ಮಾಡಲಿಲ್ಲ. 1918ರಲ್ಲಿ, ಮೂವತ್ತೂ ತುಂಬುವ ಮೊದಲೇ, ಬಾಲಕವಿ ರೈಲಿಗೆ ಸಿಕ್ಕಿ ತೀರಿಕೊಂಡಾಗ ಲಕ್ಷ್ಮೀಬಾಯಿ ಹೆತ್ತ ತಾಯಿಯಂತೆ ಸಂಕಟಪಟ್ಟರು.

ಸಂಬಳ ಬಿಟ್ಟ ಸನ್ಯಾಸಿ

ತಿಲಕರಿಗೆ ಹೊಸ ಧರ್ಮದ ಒಳಗೂ ನೆಮ್ಮದಿ ಇರಲಿಲ್ಲ. ಪರದೇಶದ ದುಡ್ಡಿನಲ್ಲಿ ನಡೆಯುವ ಚರ್ಚು ಈ ಮಣ್ಣಿನಲ್ಲಿ ಬೇರು ಬಿಡುವುದಿಲ್ಲ ಎಂಬುದು ಅವರ ನಂಬಿಕೆ. ಕ್ರೈಸ್ತನಾದವನು ದೇಶವನ್ನು ಬಿಟ್ಟವನಲ್ಲ ಎಂದು ಎರಡೂ ಕಡೆಯವರಿಗೆ ಹೇಳುತ್ತಿದ್ದರು, ಎರಡೂ ಕಡೆಯವರಿಂದ ಬೈಸಿಕೊಳ್ಳುತ್ತಿದ್ದರು. 1917ರಲ್ಲಿ ಮಿಷನ್ನಿನ ಕೆಲಸ, ಸಂಬಳ ಎರಡನ್ನೂ ಬಿಟ್ಟು ಸನ್ಯಾಸಿಯಾದರು. ಸಾತಾರದಲ್ಲಿ ‘ದೇವರ ದರ್ಬಾರು’ ಎಂಬ ಬಳಗ ಕಟ್ಟಿದರು. ದೀಕ್ಷಾಸ್ನಾನ ಪಡೆದವರು, ಪಡೆಯದವರು ಇಬ್ಬರಿಗೂ ಅಲ್ಲಿ ಜಾಗ. ಎರಡೇ ವರ್ಷ. 1919ರ ಮೇ 9ರಂದು ಮುಂಬೈಯಲ್ಲಿ ತೀರಿಕೊಂಡರು.

ಅವರು ಅರ್ಧಕ್ಕೆ ಬಿಟ್ಟುಹೋದದ್ದು ಒಂದು ಕಾವ್ಯವನ್ನು: ‘ಖ್ರಿಸ್ತಾಯನ’, ಓವಿಯಲ್ಲಿ ಕ್ರಿಸ್ತನ ಕತೆ. ತಿಲಕರು ಬರೆದದ್ದು ಮೊದಲ ಹತ್ತು ಹನ್ನೊಂದು ಅಧ್ಯಾಯ ಮಾತ್ರ. ಉಳಿದದ್ದು ಅದರ ಹಲವು ಪಾಲು. ಅದನ್ನು ಬರೆದು ಮುಗಿಸಿದ್ದು, ಒತ್ತಕ್ಷರ ತೊಡಕುತ್ತಿದ್ದ ಲಕ್ಷ್ಮೀಬಾಯಿ. ಮಗನ ಸಂಸಾರದ ಜೊತೆ ಕರಾಚಿಯಲ್ಲೂ ಇದ್ದರು. ಅಲ್ಲಿಯ ಮರಾಠಿ ಜನರ ಎದುರು ನಿಂತು ಕೀರ್ತನೆ ಮಾಡಿದರು. ಮಗನ ಒತ್ತಾಯದಿಂದ ನೆನಪುಗಳನ್ನು ಬರೆಯುತ್ತ ಬಂದರು. 1934ರಿಂದ ‘ಸ್ಮೃತಿಚಿತ್ರೆ’ ಭಾಗಭಾಗವಾಗಿ ಪುಸ್ತಕವಾಯಿತು, ಕೊನೆಯ ಭಾಗ ಬರುವ ಮೊದಲೇ, 1936ರಲ್ಲಿ ಆಕೆ ಕಣ್ಣು ಮುಚ್ಚಿದರು.

ಪರವೂರಿನಲ್ಲಿ ಬದುಕುವ ನಮಗೆ ಈ ಪುಸ್ತಕ ಇನ್ನೂ ಒಂದು ಕಾರಣಕ್ಕೆ ಹತ್ತಿರವಾಗುತ್ತದೆ. ಮದುವೆಯಾಗಿ, ಗಂಡನ ನೌಕರಿಯ ಬೆನ್ನು ಹಿಡಿದು, ತನಗೆ ಬಾರದ ಭಾಷೆಯ ಊರಿಗೆ ಬಂದ ಹೆಂಗಸರು ನಮ್ಮ ಪ್ರತಿ ಕನ್ನಡ ಸಂಘದಲ್ಲೂ ಇದ್ದಾರೆ. ನಿರ್ಧಾರ ಮಾಡಿದವರು ಒಬ್ಬರು, ಅದರೊಳಗೆ ಬದುಕಿ ಅದನ್ನು ತಮ್ಮದಾಗಿ ಮಾಡಿಕೊಂಡವರು ಇನ್ನೊಬ್ಬರು. ಸಂಘದ ಸ್ಮರಣ ಸಂಚಿಕೆಯಲ್ಲಿ ಗಂಡಂದಿರ ಫೋಟೋ, ಸಾಧನೆ ಅಚ್ಚಾಗುತ್ತವೆ. ಆ ಮನೆಯ ಕತೆ ನಿಜವಾಗಿ ಗೊತ್ತಿರುವುದು ಹೆಂಡತಿಗೆ. ಆಕೆ, ನನಗೆ ಬರೆಯಲು ಬರುವುದಿಲ್ಲ ಎನ್ನುತ್ತಾಳೆ.

ಇವತ್ತು ಮರಾಠಿಯಲ್ಲಿ ಪಾದ್ರಿ ತಿಲಕರ ಹಾಡು ಚರ್ಚಿನಲ್ಲೂ ಪಠ್ಯಪುಸ್ತಕದಲ್ಲೂ ಉಳಿದಿದೆ. ಮನುಷ್ಯರಾಗಿ ಅವರು ನಮಗೆ ಸಿಗುವುದು ಮಾತ್ರ ಹೆಂಡತಿಯ ಪುಸ್ತಕದಲ್ಲಿ. ಅವರ ಸಿಟ್ಟು, ಕರುಣೆ, ಖಾಲಿ ಜೇಬು, ಮಕ್ಕಳ ಜೊತೆಯ ನಗು, ಎಲ್ಲ ಅಲ್ಲಿದೆ. ಮರಾಠಿ ಅಲ್ಪಸ್ವಲ್ಪ ಬಂದರೂ ಸಾಕು, ಓದಿ ನೋಡಿ. ಓದಿದ ಮೇಲೆ ಮನೆಯ ಹಿರಿಯ ಹೆಂಗಸರ ಕೈಗೆ ಒಂದು ಖಾಲಿ ನೋಟುಬುಕ್ಕು ಕೊಡಿ. ಒತ್ತಕ್ಷರ ತಪ್ಪಿದರೂ ಪರವಾಗಿಲ್ಲ ಎಂದು ಹೇಳಿ.