ಬಟ್ಟೆಗೆ ತಕ್ಕ ದಾರ



ಮಲ್ಲಿಗೆ ಹೂವನ್ನು ಯಾವುದರಿಂದ ಕಟ್ಟುತ್ತೀರಿ? ಬಾಳೆ ನಾರಿನಿಂದ. ಎಮ್ಮೆಯನ್ನು ಯಾವುದರಿಂದ ಕಟ್ಟುತ್ತೀರಿ? ಹಗ್ಗದಿಂದ. ಹಗ್ಗದಿಂದ ಹೂವು ಕಟ್ಟಿದರೆ ಹೂವು ಉಳಿಯೋದಿಲ್ಲ. ಬಾಳೆ ನಾರಿನಿಂದ ಎಮ್ಮೆ ಕಟ್ಟಿದರೆ ಎಮ್ಮೆ ನಿಲ್ಲೋದಿಲ್ಲ. ಇದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಉಳವಿ, ಸೊರಬದ ಕಡೆಯ ಹೆಂಗಸರಿಗೆ ನಾರಿನ ಗುಣ ಗೊತ್ತು. ಭೂಮಿ ಹುಣ್ಣಿಮೆ ಬಂದರೆ ದೀವರ ಮನೆಗಳಲ್ಲಿ ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ. ಚಿತ್ತಾರದ ಎಳೆ ಸಣ್ಣಗೆ ಬರಬೇಕು. ಅದಕ್ಕೆ ಪುಂಡಿ ನಾರಿನ ಕುಂಚ ಮಾಡುತ್ತಾರೆ. ಕೆಲಸಕ್ಕೆ ತಕ್ಕ ನಾರು ಆರಿಸುವುದು ನಮ್ಮ ಹಿರಿಯರಿಂದ ಬಂದ ತಿಳಿವಳಿಕೆ.

ಹೊಲಿಗೆ ದಾರವೂ ನಾರೇ. ಆದರೆ ಅಂಗಡಿಗೆ ಹೋದಾಗ ನಾವು ಬಣ್ಣ ಒಂದನ್ನೇ ನೋಡುತ್ತೇವೆ. "ಕೆಂಪು ರೀಲು ಒಂದು ಕೊಡಿ" ಅನ್ನುತ್ತೇವೆ. ಅಷ್ಟು ಸಾಲದು.

ಹರಿದ ರವಿಕೆ

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಮದುವೆ ಮನೆಯವರು ಅವರಿಗೆ ರೇಷ್ಮೆ ರವಿಕೆ ಹೊಲಿಯಲು ಕೊಟ್ಟರು. ಅಕ್ಕ ಎರಡು ರಾತ್ರಿ ಕೂತು ಹೊಲಿದರು. ರವಿಕೆ ಚೆನ್ನಾಗಿ ಬಂತು. ಮೈಗೂ ಸರಿಯಾಗಿ ಕೂತಿತು.

ಮದುವೆ ದಿನ ಆ ರವಿಕೆ ತೊಟ್ಟವರು ಊಟ ಬಡಿಸಲು ಬಗ್ಗಿದರು. ಕಂಕುಳ ಹೊಲಿಗೆ ಪರ್ರಂತ ಬಿಟ್ಟಿತು. ಪಾಪ, ಅವರು ದಿನವೆಲ್ಲ ಸೆರಗು ಹೊದ್ದುಕೊಂಡೇ ಓಡಾಡಿದರು. ಮರುದಿನ ರವಿಕೆ ವಾಪಸ್ ಬಂತು. ಕೂಲಿ ಬರಲಿಲ್ಲ. ಮಾತು ಊರೆಲ್ಲ ಹರಡಿತು. ಹೊಲಿಯಲು ಕೊಡುತ್ತಿದ್ದ ಇನ್ನಿಬ್ಬರು ಪೇಟೆ ಟೇಲರ್ ಹತ್ತಿರ ಹೋದರು.

ಅಕ್ಕ ರವಿಕೆಯನ್ನು ಕೇಂದ್ರಕ್ಕೆ ತಂದರು. "ಅಕ್ಕೋರೇ, ನನ್ನ ಹೊಲಿಗೆ ಅಷ್ಟು ಕೆಟ್ಟದಾ?" ಅಂತ ಕಣ್ಣೀರು ಹಾಕಿದರು.

ನಾವೆಲ್ಲ ಕೂತು ನೋಡಿದೆವು. ಹೊಲಿಗೆ ನೇರವಾಗಿತ್ತು. ಬಟ್ಟೆ ಗಟ್ಟಿ ಇತ್ತು. ಆಮೇಲೆ ಆ ರೀಲಿನ ದಾರ ತರಿಸಿ ಎಳೆದೆವು. ಪುಟಕ್ಕನೆ ತುಂಡಾಯಿತು. ಅದು ಹಳೇ ಹತ್ತಿ ದಾರ. ಎರಡು ಮಳೆಗಾಲ, ಎರಡು ಬೇಸಿಗೆ ಕಿಟಕಿ ಮೇಲೆ ಕೂತಿತ್ತು. ತೇವ ತಿಂದು, ಬಿಸಿಲು ತಿಂದು ಅದರ ಬಲ ಹೋಗಿತ್ತು.

ತಪ್ಪು ಕೈಯದಲ್ಲ. ತಪ್ಪು ದಾರದ್ದು. ದಾರ ನೋಡಲು ಕಲಿತರೆ ಇಂಥ ನಷ್ಟ ತಪ್ಪುತ್ತದೆ.

ದಾರದ ಬಗೆಗಳು

ಹತ್ತಿ ದಾರ: ಇದು ಮೆತ್ತಗೆ ಇರುತ್ತದೆ. ಬಿಸಿ ಇಸ್ತ್ರಿಗೆ ಹೆದರುವುದಿಲ್ಲ. ಆದರೆ ತೇವದಲ್ಲಿ ಬಹಳ ದಿನ ಇದ್ದರೆ ಬೂಷ್ಟು ಹಿಡಿಯುತ್ತದೆ. ಕೆಲವು ಹತ್ತಿ ದಾರ ನುಣುಪಾಗಿ ಹೊಳೆಯುತ್ತವೆ. ಅವಕ್ಕೆ ಮರ್ಸರೈಸ್ಡ್ ದಾರ ಅನ್ನುತ್ತಾರೆ. ಜಾನ್ ಮರ್ಸರ್ ಎಂಬ ಇಂಗ್ಲೆಂಡಿನವನು 1844ರಲ್ಲಿ ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದುವ ವಿಧಾನ ಕಂಡುಹಿಡಿದ. ಅವನ ಹೆಸರೇ ದಾರಕ್ಕೆ ಬಂತು. ಈ ದಾರ ಸಾದಾ ಹತ್ತಿ ದಾರಕ್ಕಿಂತ ಗಟ್ಟಿ.

ಪಾಲಿಯೆಸ್ಟರ್ ದಾರ: ಇದು ಗಿಡದಿಂದ ಬಂದದ್ದಲ್ಲ. ಕಾರ್ಖಾನೆಯಲ್ಲಿ ಮಾಡಿದ್ದು. 1941ರಲ್ಲಿ ಇಂಗ್ಲೆಂಡಿನಲ್ಲಿ ಇದರ ಎಳೆ ತಯಾರಾಯಿತು. ಇದು ಬಹಳ ಗಟ್ಟಿ. ಒಗೆದರೆ ಕುಗ್ಗುವುದಿಲ್ಲ. ಮಳೆಗಾಲದ ತೇವಕ್ಕೆ ಕೊಳೆಯುವುದಿಲ್ಲ. ಆದರೆ ಅತಿ ಬಿಸಿಗೆ ಕರಗುತ್ತದೆ. ಇದ್ದಿಲು ಇಸ್ತ್ರಿಪೆಟ್ಟಿಗೆಯ ಬಿಸಿಗೆ ಅಳತೆ ಇಲ್ಲ. ಹುಷಾರಾಗಿರಿ.

ರೇಷ್ಮೆ ದಾರ: ನುಣುಪು, ಗಟ್ಟಿ. ಬೆಲೆ ಹೆಚ್ಚು. ರೇಷ್ಮೆ ಬಟ್ಟೆಗೆ ಒಳ್ಳೆಯದು.

ನೈಲಾನ್ ದಾರ: ಚೀಲ, ಚರ್ಮ, ಚಾಪೆಯಂಥ ಗಟ್ಟಿ ಕೆಲಸಕ್ಕೆ ಸರಿ. ಮೈಮೇಲೆ ತೊಡುವ ಬಟ್ಟೆಗೆ ಬೇಡ.

ರೇಯಾನ್ ದಾರ: ಫಳಫಳ ಹೊಳೆಯುತ್ತದೆ. ಕಸೂತಿಯ ಅಂದಕ್ಕೆ ಸರಿ. ನೀರಲ್ಲಿ ನೆನೆದಾಗ ಇದರ ಬಲ ಕಡಿಮೆ ಆಗುತ್ತದೆ. ಹೊಳಪು ನೋಡಿ ಮರುಳಾಗಬೇಡಿ. ತೋಳು, ಕಂಕುಳು ಕೂಡಿಸಲು ಇದನ್ನು ಹಾಕಬೇಡಿ.

ಉರಿಸಿ ನೋಡಿ

ರೀಲಿನ ಚೀಟಿ ಹರಿದುಹೋಗಿದೆ. ದಾರ ಯಾವುದು ಅಂತ ತಿಳಿಯುವುದು ಹೇಗೆ? ಸಣ್ಣ ತುಂಡನ್ನು ಚಿಮುಟದಲ್ಲಿ ಹಿಡಿಯಿರಿ. ಕೆಳಗೆ ನೀರಿನ ತಟ್ಟೆ ಇಡಿ. ಸೆರಗು ಸಿಕ್ಕಿಸಿಕೊಳ್ಳಿ. ಮಕ್ಕಳನ್ನು ದೂರ ಕಳಿಸಿ. ಈಗ ದೀಪಕ್ಕೆ ಹಿಡಿಯಿರಿ.

ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿ ಆದರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ರೇಷ್ಮೆ. ಕರಗಿ ತುದಿಯಲ್ಲಿ ಗಟ್ಟಿ ಮಣಿ ಆದರೆ ಪಾಲಿಯೆಸ್ಟರ್ ಅಥವಾ ನೈಲಾನ್. ಆ ಮಣಿಯನ್ನು ಬಿಸಿ ಇದ್ದಾಗ ಮುಟ್ಟಬೇಡಿ. ಚರ್ಮಕ್ಕೆ ಅಂಟಿ ಸುಡುತ್ತದೆ. ರೇಯಾನ್ ಕೂಡ ಹತ್ತಿಯ ಹಾಗೇ ಉರಿಯುತ್ತದೆ. ಅದನ್ನು ಹೊಳಪಿನಿಂದ ಗುರುತಿಸಿ.

ಅಂಕಿ ಓದಿ

ಈಗ ನಿಮಗೆ ಅಂಕಿ ಓದಲು ಬರುತ್ತದೆ. ರೀಲಿನ ತಲೆ ಮೇಲಿನ ಚೀಟಿ ನೋಡಿ. ಕೆಲವು ರೀಲುಗಳ ಮೇಲೆ 40/2 ಅಂತ ಇರುತ್ತದೆ. ಇನ್ನು ಕೆಲವದರ ಮೇಲೆ 60/3 ಅಂತ ಇರುತ್ತದೆ. ಏನು ಹಾಗಂದರೆ?

ಮೊದಲನೇ ಅಂಕಿ ಎಳೆಯ ಸಣ್ಣತನ ಹೇಳುತ್ತದೆ. ಅಂಕಿ ದೊಡ್ಡದಾದಷ್ಟೂ ಎಳೆ ಸಣ್ಣ. 60ರ ಎಳೆ 40ರ ಎಳೆಗಿಂತ ಸಣ್ಣ. ಎರಡನೇ ಅಂಕಿ ಎಷ್ಟು ಎಳೆ ಸೇರಿಸಿ ಹೊಸೆದಿದ್ದಾರೆ ಅಂತ ಹೇಳುತ್ತದೆ. 40/2 ಅಂದರೆ 40ರ ಎಳೆ ಎರಡು. 60/3 ಅಂದರೆ 60ರ ಎಳೆ ಮೂರು. ದಾರದ ತುದಿಯ ಹುರಿ ಬಿಚ್ಚಿ ಎಣಿಸಿ. ನಿಮಗೇ ಕಾಣುತ್ತದೆ.

ಸೂಜಿಗೂ ಅಂಕಿ ಇದೆ. ಮಿಷನ್ ಸೂಜಿಯ ಪೊಟ್ಟಣದ ಮೇಲೆ 11, 14, 16, 18 ಅಂತ ಇರುತ್ತದೆ. ಇಲ್ಲಿ ಲೆಕ್ಕ ತಿರುವುಮುರುವು. ಸೂಜಿಯಲ್ಲಿ ಅಂಕಿ ಹೆಚ್ಚಿದರೆ ದಪ್ಪ. ದಾರದಲ್ಲಿ ಎಳೆಯ ಅಂಕಿ ಹೆಚ್ಚಿದರೆ ಸಣ್ಣ. ಈ ಎರಡು ಮಾತನ್ನು ಪಾಟಿ ಮೇಲೆ ಬರೆದು ಮಿಷನ್ ಹತ್ತಿರ ಇಡಿ.

ಸೂಜಿಗೆ ದಾರ ಸರಿಯೇ ಅಂತ ನೋಡಲು ಸುಲಭ ದಾರಿ ಇದೆ. ಸೂಜಿಗೆ ದಾರ ಪೋಣಿಸಿ. ದಾರದ ಎರಡೂ ತುದಿ ಬಿಗಿಯಾಗಿ ಹಿಡಿಯಿರಿ. ಒಂದು ಕೈ ಮೇಲೆ ಮಾಡಿ. ಸೂಜಿ ತಾನಾಗಿ ಕೆಳಗೆ ಜಾರಬೇಕು. ಜಾರದಿದ್ದರೆ ದಾರ ದಪ್ಪ. ಆ ದಾರ ಹೊಲಿಯುವಾಗ ಉಜ್ಜಿ ಉಜ್ಜಿ ಹರಿಯುತ್ತದೆ.

ದೊಡ್ಡ ಗುಟ್ಟು

ದಾರ ಗಟ್ಟಿ ಇದ್ದಷ್ಟೂ ಒಳ್ಳೆಯದಲ್ಲವೇ? ಹಾಗೇನಿಲ್ಲ. ಹಳೇ ನೂಲಿನ ಸೀರೆಗೆ ದಪ್ಪ ಪಾಲಿಯೆಸ್ಟರ್ ದಾರ ಹಾಕಿ ಹೊಲಿದರೆ ಏನಾಗುತ್ತದೆ? ಜಗ್ಗಿದಾಗ ದಾರ ಹರಿಯುವುದಿಲ್ಲ. ಸೀರೆಯೇ ಹರಿಯುತ್ತದೆ. ದಾರ ಹರಿದರೆ ಇನ್ನೊಮ್ಮೆ ಹೊಲಿಯಬಹುದು. ಬಟ್ಟೆ ಹರಿದರೆ ತೇಪೆಯೇ ಗತಿ. ಅದಕ್ಕೆ ದಾರ ಬಟ್ಟೆಗಿಂತ ಬಹಳ ಗಟ್ಟಿ ಇರಬಾರದು. ಹೊಲಿಗೆ ನಿಲ್ಲುವಷ್ಟು ಬಲ ಇದ್ದರೆ ಸಾಕು.

ಯಾವುದಕ್ಕೆ ಯಾವ ದಾರ

ಕೂಸಿನ ಕುಲಾವಿ, ಅಂಗಿ: ಮೆತ್ತಗಿನ ಹತ್ತಿ ದಾರ. ಕೂಸಿನ ಚರ್ಮಕ್ಕೆ ಚುಚ್ಚಬಾರದು. ಗಂಟು ಹೊರಗಡೆ ಬರಲಿ.

ನೂಲಿನ ರವಿಕೆ, ಲಂಗ: ಮರ್ಸರೈಸ್ಡ್ ಹತ್ತಿ ದಾರ ಅಥವಾ ಸಣ್ಣ ಪಾಲಿಯೆಸ್ಟರ್ ದಾರ. 14ರ ಸೂಜಿ. ಲಂಗದ ಬಟ್ಟೆಯನ್ನು ಮೊದಲು ನೆನೆಸಿ ಒಣಗಿಸಿ.

ರೇಷ್ಮೆ ರವಿಕೆ: ರೇಷ್ಮೆ ದಾರ ಅಥವಾ ಸಣ್ಣ ಪಾಲಿಯೆಸ್ಟರ್ ದಾರ. 11ರ ಸೂಜಿ. ದಪ್ಪ ಸೂಜಿ ಹಾಕಿದರೆ ರೇಷ್ಮೆಯಲ್ಲಿ ತೂತು ಕಾಣುತ್ತದೆ. ಕಂಕುಳಿಗೆ ಎರಡು ಸಾಲು ಹೊಲಿಗೆ ಹಾಕಿ. ಬೆವರು ಬೀಳುವ ಜಾಗ, ಎಳೆತ ಬೀಳುವ ಜಾಗ ಅದು.

ಸೀರೆ ಫಾಲ್: ಸೀರೆ ಬಣ್ಣದ ಸಣ್ಣ ದಾರ. ಒಂದೇ ಎಳೆ. ನೂಲಿನ ಫಾಲ್ ಆದರೆ ಮೊದಲು ನೀರಲ್ಲಿ ನೆನೆಸಿ ಒಣಗಿಸಿ. ಇಲ್ಲವಾದರೆ ಮೊದಲ ಒಗೆತಕ್ಕೇ ಫಾಲ್ ಕುಗ್ಗಿ ಸೀರೆ ಸುಕ್ಕಾಗುತ್ತದೆ. ದಾರವನ್ನು ಬಿಗಿಯಾಗಿ ಎಳೆಯಬೇಡಿ.

ಶಾಲೆ ಯೂನಿಫಾರಂ: ಪಾಲಿಯೆಸ್ಟರ್ ದಾರ. ಮಕ್ಕಳು ಹತ್ತುತ್ತಾರೆ, ಹಾರುತ್ತಾರೆ. ಹೊಲಿಗೆ ಗಟ್ಟಿ ಬೇಕು. ಗುಂಡಿಗೆ ದಾರ ಎರಡೆಳೆ ಮಾಡಿ ಹಾಕಿ.

ಶಾಲೆ ಚೀಲ: ದಪ್ಪ ಪಾಲಿಯೆಸ್ಟರ್ ಅಥವಾ ನೈಲಾನ್ ದಾರ. 16 ಅಥವಾ 18ರ ಸೂಜಿ. ಹೊಲಿಗೆ ಉದ್ದ ಇರಲಿ.

ಕೌದಿ: ದಪ್ಪ ಹತ್ತಿ ದಾರ. ಕೌದಿ ಒಳಗೆ ಹಳೇ ಸೀರೆ ಇರುತ್ತದೆ. ಅದು ಮೆತ್ತಗಾಗಿರುತ್ತದೆ. ಅದಕ್ಕೆ ಹತ್ತಿ ದಾರವೇ ಹೊಂದುತ್ತದೆ. ಒಂದೂವರೆ ಮೊಳಕ್ಕಿಂತ ಉದ್ದ ದಾರ ಪೋಣಿಸಬೇಡಿ. ಉದ್ದ ಆದರೆ ಗಂಟು ಬೀಳುತ್ತದೆ. ದಾರಕ್ಕೆ ಜೇನುಮೇಣ ಸವರಿದರೆ ಸಿಕ್ಕಾಗುವುದಿಲ್ಲ.

ಗೋಣಿಚೀಲ: ಸಣಬಿನ ದಾರ, ದಬ್ಬಳ. ಇದು ನಿಮಗೆ ಗೊತ್ತೇ ಇದೆ.

ಕಸೂತಿ: ಶಿಕಾರಿಪುರದ ಕಡೆ ಲಂಬಾಣಿ ತಾಂಡಾಗಳಿವೆ. ಅಲ್ಲಿನ ಹಿರಿಯ ಹೆಂಗಸರ ಉಡುಪು ನೋಡಿ. ಕನ್ನಡಿ, ಕವಡೆ, ಬಣ್ಣದ ದಾರ ಎಷ್ಟು ಚೆಂದ! ಕಸೂತಿ ದಾರ ಲಡಿಯಲ್ಲಿ ಬರುತ್ತದೆ. ಸಾಮಾನ್ಯವಾಗಿ ಒಂದು ಲಡಿಯಲ್ಲಿ 8 ಮೀಟರ್ ದಾರ ಇರುತ್ತದೆ. ಅದರಲ್ಲಿ 6 ಎಳೆ ಇರುತ್ತವೆ. ಸಣ್ಣ ಹೂವಿಗೆ ಎರಡೆಳೆ ತೆಗೆದುಕೊಳ್ಳಿ. ದಪ್ಪ ಗೆರೆಗೆ ಹೆಚ್ಚು ಎಳೆ ತೆಗೆದುಕೊಳ್ಳಿ. ಮೊದಲು ಕೆಂಪು ದಾರವನ್ನು ಒದ್ದೆ ಮಾಡಿ ಬಿಳಿ ಬಟ್ಟೆ ಮಧ್ಯೆ ಒತ್ತಿ. ಬಣ್ಣ ಬಿಟ್ಟರೆ ಆ ದಾರ ಬೇಡ. ತಿಂಗಳ ಕೆಲಸ ಒಂದು ಒಗೆತಕ್ಕೆ ಹಾಳಾಗುತ್ತದೆ.

ಅಂಗಡಿಯಲ್ಲಿ

ಬಟ್ಟೆಯ ಚೂರು ಜೊತೆಗೆ ಒಯ್ಯಿರಿ. ರೀಲನ್ನು ಹಾಗೇ ಇಟ್ಟು ಬಣ್ಣ ನೋಡಬೇಡಿ. ಒಂದೆಳೆ ಬಿಚ್ಚಿ ಬಟ್ಟೆ ಮೇಲೆ ಹಾಕಿ. ಅಂಗಡಿ ಬಾಗಿಲಿಗೆ ಬಂದು ಹಗಲು ಬೆಳಕಲ್ಲಿ ನೋಡಿ. ಸರಿಯಾದ ಬಣ್ಣ ಸಿಗದಿದ್ದರೆ ಒಂದು ಪಟ್ಟು ಗಾಢ ಬಣ್ಣ ಆರಿಸಿ. ಹೊಲಿದ ಮೇಲೆ ದಾರ ತುಸು ತಿಳಿಯಾಗಿ ಕಾಣುತ್ತದೆ.

ದಾರ ಎಳೆದು ನೋಡಿ. ಸುಲಭಕ್ಕೆ ತುಂಡಾದರೆ ಬೇಡ ಅನ್ನಿ. ಬೆರಳ ಮಧ್ಯೆ ಜಾರಿಸಿ ನೋಡಿ. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಇದ್ದರೆ ಬೇಡ ಅನ್ನಿ. ಚೀಟಿ ಓದಿ. ಎಷ್ಟು ಮೀಟರ್ ದಾರ ಇದೆ ಅಂತಲೂ ಓದಿ. ರೀಲು ದೊಡ್ಡದು ಕಂಡರೂ ಒಳಗಿನ ಉರುಟು ದಪ್ಪ ಇರಬಹುದು. ಬೇಡ ಅನ್ನಲು ನಾಚಿಕೆ ಬೇಡ. ದುಡ್ಡು ನಿಮ್ಮದು.

ಮನೆಯಲ್ಲಿ

ನಮ್ಮದು ಮಲೆನಾಡಿನ ಮಳೆ. ಗೋಡೆಯೇ ಬೆವರುತ್ತದೆ. ದಾರವನ್ನು ಮುಚ್ಚಳದ ಡಬ್ಬದಲ್ಲಿ ಇಡಿ. ಕಿಟಕಿ ಮೇಲೆ ಇಡಬೇಡಿ. ಹೊಸ ರೀಲು ತಂದ ತಿಂಗಳು, ವರ್ಷವನ್ನು ಚೀಟಿ ಮೇಲೆ ಬರೆಯಿರಿ. ಹಳೇ ದಾರವನ್ನು ಎಳೆದು ನೋಡದೆ ಹೊಲಿಯಬೇಡಿ. ಬಲ ಹೋದ ದಾರ ಕಚ್ಚಾ ಹೊಲಿಗೆಗೆ ಸಾಕು.

ಮಿಷನ್‌ಗೆ ಮೇಲೆ ಯಾವ ದಾರವೋ ಬಾಬಿನ್‌ಗೂ ಅದೇ ದಾರ ಹಾಕಿ. ಪಾಲಿಯೆಸ್ಟರ್ ದಾರವನ್ನು ಬಾಬಿನ್‌ಗೆ ಮೆಲ್ಲಗೆ ಸುತ್ತಿ. ಬಿಗಿಯಾಗಿ ಸುತ್ತಿದರೆ ದಾರ ಹಿಗ್ಗುತ್ತದೆ. ಹೊಲಿದ ಮೇಲೆ ಅದು ಕುಗ್ಗಿ ಬಟ್ಟೆ ಸುಕ್ಕಾಗುತ್ತದೆ.

ಆ ಅಕ್ಕ ಏನು ಮಾಡಿದರು?

ಅವರು ರವಿಕೆ ಹೊಲಿಗೆ ಪೂರ್ತಿ ಬಿಚ್ಚಿದರು. ಹೊಸ ದಾರ ತಂದರು. ಚೀಟಿ ತಾವೇ ಓದಿದರು. ಕಂಕುಳಿಗೆ ಎರಡು ಸಾಲು ಹಾಕಿದರು. ರವಿಕೆ ಹಿಡಿದು ಆ ಮನೆಗೆ ಹೋದರು. "ದಾರ ನೋಡದೆ ಹೊಲಿದೆ, ಅದು ನನ್ನ ತಪ್ಪು. ಈಗ ಎಳೆದು ನೋಡಿ" ಅಂದರು. ಆ ಮನೆಯವರು ಎಳೆದು ನೋಡಿದರು. ಏನೂ ಮಾತಾಡದೆ ಒಳಗೆ ಹೋಗಿ ಅರ್ಧ ಕೂಲಿ ತಂದುಕೊಟ್ಟರು. ಶಾಲೆ ಶುರುವಾದಾಗ ಮೊಮ್ಮಕ್ಕಳ ಯೂನಿಫಾರಂ ಬಟ್ಟೆ ಅವರಿಗೇ ಕೊಟ್ಟರು.

ಈಗ ಅಕ್ಕನ ಡಬ್ಬದಲ್ಲಿ ಪ್ರತಿ ರೀಲಿನ ಮೇಲೂ ತಾರೀಕು ಇದೆ. ಅದು ಅವರದೇ ಅಕ್ಷರ.

ಮಾತಾಡಿ, ಮಾಡಿ ನೋಡಿ

1. ನಿಮ್ಮ ಮನೆಯಲ್ಲಿರುವ ರೀಲುಗಳನ್ನು ತನ್ನಿ. ಚೀಟಿ ಮೇಲಿನ ಅಂಕಿ ಓದಿ, ಪುಸ್ತಕದಲ್ಲಿ ಬರೆಯಿರಿ.
2. 40/2 ಮತ್ತು 60/2 ದಾರಗಳಲ್ಲಿ ಯಾವುದು ಸಣ್ಣ?
3. 11 ಮತ್ತು 16ರ ಸೂಜಿಗಳಲ್ಲಿ ಯಾವುದು ದಪ್ಪ?
4. ಹಳೇ ಸೀರೆಗೆ ಬಹಳ ಗಟ್ಟಿ ದಾರ ಏಕೆ ಬೇಡ?
5. ನಿಮ್ಮ ಅಜ್ಜಿ ಕೌದಿಗೆ ಯಾವ ದಾರ ಹಾಕುತ್ತಿದ್ದರು? ಕೇಳಿ ತಿಳಿದು ನಾಲ್ಕು ಸಾಲು ಬರೆಯಿರಿ.